ಎಷ್ಟು ಚೆನ್ನಾಗಿ ಮಾಡಿದರೂ ಸಾಲದು ಅನ್ನಿಸುತ್ತದೆ, ಇದರಿಂದ ಹೊರಬರುವುದು ಹೇಗೆ?

ಶುರು ಮಾಡಿದ್ದು ಮುಗಿಯಲ್ಲ, ಮುಗಿದರೂ ಯಾರಿಗೂ ತೋರಿಸಲು ಧೈರ್ಯ ಬರಲ್ಲ, ಹೀಗಿದ್ದರೆ ಬದುಕಿಗೆ ಏನು ಅರ್ಥ ಅಂತ ಕೇಳಿದ್ದೀರಿ. ನಾನೂ ಅಲ್ಲೇ ವರ್ಷಗಟ್ಟಲೆ ಸಿಕ್ಕಿಕೊಂಡಿದ್ದೆ.

ಕಣ್ಣು ಕಾಣದ ಒಬ್ಬ ವಿದ್ಯಾರ್ಥಿನಿಗೆ ಪಾಠ ಓದಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕಳಿಸುತ್ತೇನೆ ಅಂತ ಒಪ್ಪಿಕೊಂಡಿದ್ದೆ. ಮೊದಲ ಪುಟವನ್ನೇ 14 ಸಲ ಓದಿದೆ. ಒಮ್ಮೆ ನಾಲಿಗೆ ತೊಡರಿತು, ಒಮ್ಮೆ ಕೆಮ್ಮು ಬಂತು, ಇನ್ನೊಮ್ಮೆ ಕುರ್ಚಿ ಕಿರ್ ಅಂದಿತು. ಪ್ರತಿ ಸಲವೂ ಅಳಿಸಿ ಮತ್ತೆ ಮೊದಲಿಂದ. ಹತ್ತು ದಿನವಾದರೂ ಅವಳಿಗೆ ಒಂದು ಸಾಲೂ ತಲುಪಲಿಲ್ಲ. ಕೊನೆಗೆ ಅವಳೇ ಫೋನ್ ಮಾಡಿದಳು. "ಅಕ್ಕಾ, ಪರೀಕ್ಷೆ ಹತ್ರ ಬಂತು. ಎಷ್ಟಾಗಿದ್ಯೋ ಅಷ್ಟೇ ಕಳ್ಸಿ, ತೊಡರಿದ್ರೂ ನಂಗೆ ಗೊತ್ತಾಗುತ್ತೆ." ಫೋನ್ ಇಟ್ಟ ಮೇಲೆ ಅಳು ಬಂತು. ಅಷ್ಟು ದಿನ ನಾನು ಯೋಚಿಸಿದ್ದು ನನ್ನ ದನಿಯ ಬಗ್ಗೆ, ಅವಳ ಪರೀಕ್ಷೆಯ ಬಗ್ಗೆ ಅಲ್ಲ.

ಪಾಲ್ ಹೆವಿಟ್ ಮತ್ತು ಗಾರ್ಡನ್ ಫ್ಲೆಟ್ ಎಂಬ ಮನಶ್ಶಾಸ್ತ್ರಜ್ಞರು 1991ರಲ್ಲಿ, ಎಲ್ಲವೂ ತಪ್ಪಿಲ್ಲದೆ ಪರಿಪೂರ್ಣವಾಗಿರಬೇಕು ಎಂಬ ಈ ಗೀಳಿನಲ್ಲಿ ಮೂರು ಬಗೆ ಗುರುತಿಸಿದರು. ನನ್ನಲ್ಲಿ ತಪ್ಪೇ ಇರಬಾರದು ಅನ್ನುವುದು ಒಂದು, ಬೇರೆಯವರಲ್ಲಿ ಇರಬಾರದು ಅನ್ನುವುದು ಇನ್ನೊಂದು. ನಾನು ತಪ್ಪು ಮಾಡಿದರೆ ಜನ ಒಪ್ಪುವುದಿಲ್ಲ ಅಂದುಕೊಳ್ಳುವುದು ಮೂರನೆಯದು. ನನ್ನದು ಆ ಮೂರನೆಯದೇ. ಆದರೆ ಆ ಹುಡುಗಿ ಕೇಳಿದ್ದು ಬರೀ ಪಾಠ, ಅಲ್ವಾ?

ಆಮೇಲೆ ಆಪ್ತಸಮಾಲೋಚಕರೊಬ್ಬರ ಹತ್ತಿರ ಹೋದೆ. ಅವರು ಹೇಳಿಕೊಟ್ಟದ್ದು ತುಂಬಾ ಸರಳ. ಕಳಿಸುವ ಮುಂಚೆ, ಏನಾಗುತ್ತದೆ ಅಂತ ಹೆದರಿಕೆಯೋ ಅದನ್ನು ಬರೆದಿಡಬೇಕು. ಎರಡು ದಿನ ಬಿಟ್ಟು, ನಿಜಕ್ಕೂ ಆದದ್ದನ್ನು ಪಕ್ಕದಲ್ಲಿ ಬರೆಯಬೇಕು. "ಇವರಿಗೆ ಓದೋಕೇ ಬರಲ್ಲ ಅಂದ್ಕೋತಾಳೆ" ಅಂತ ಬರೆದಿದ್ದೆ. ಪಕ್ಕದಲ್ಲಿ ಬರೆದದ್ದು, "ಮುಂದಿನ ಪಾಠ ಕೇಳಿದಳು." ಹೆದರಿದ್ದೇ ಆದದ್ದೂ ಉಂಟು. ಒಮ್ಮೆ ಇಸವಿ ತಪ್ಪು ಓದಿದ್ದೆ. ಅವಳು ಹೇಳಿದಳು, ತಿದ್ದಿ ಕಳಿಸಿದೆ, ಅಷ್ಟೇ. ಅಂಕಿ, ಹೆಸರು ಬಂದರೆ ಈಗಲೂ ಎರಡು ಸಲ ನೋಡುತ್ತೇನೆ. ಕೆಮ್ಮನ್ನು ಮಾತ್ರ ಅಳಿಸಲು ಹೋಗುವುದಿಲ್ಲ.

ನನ್ನ ಮೇಲಿನ ಅನುಮಾನ ಪೂರ್ತಿ ಹೋಗಿಲ್ಲ. 1978ರಲ್ಲಿ ಪಾಲೀನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ ಎಂಬ ಮನಶ್ಶಾಸ್ತ್ರಜ್ಞೆಯರು, ದೊಡ್ಡ ಸಾಧನೆ ಮಾಡಿದ ಹೆಂಗಸರಲ್ಲೂ "ನನಗೆ ಈ ಯೋಗ್ಯತೆ ಇಲ್ಲ" ಎಂಬ ಭಾವನೆ ಇದ್ದದ್ದನ್ನು ಬರೆದರು. ಗೆದ್ದವರನ್ನೇ ಅದು ಬಿಡಲಿಲ್ಲ ಅಂದ ಮೇಲೆ, ಅದು ಹೋಗಲಿ ಅಂತ ಸುಮ್ನೆ ಕಾಯುತ್ತಾ ಕೂರಬೇಡಿ. ನಿದ್ದೆ, ಊಟ ಕೆಡುವಷ್ಟು ಜಾಸ್ತಿಯಾಗಿದ್ದರೆ ದಯವಿಟ್ಟು ಸಮಾಲೋಚಕರನ್ನು ಕಾಣಿ.

ನೀವು ಅರ್ಧಕ್ಕೆ ನಿಲ್ಲಿಸಿದ ಕೆಲಸಗಳಲ್ಲಿ ಯಾವುದಕ್ಕಾದರೂ ಒಬ್ಬರು ಕಾಯುತ್ತಿದ್ದಾರಾ? ಇದ್ದರೆ, ಎಷ್ಟಾಗಿದೆಯೋ ಅಷ್ಟನ್ನು ಇವತ್ತೇ ಅವರಿಗೆ ಕೊಡಿ.