ಕಬಡ್ಡಿ ರೈಡರ್‌ಗಳ ಪಾದದ ಗಂಟಿಗೆ ಸುತ್ತಿದ ಟೇಪ್ ಬೇಗ ಸಡಿಲವಾಗುವುದು ಯಾಕೆ?

ಪ್ರೊ ಕಬಡ್ಡಿಯಲ್ಲಿ ನೋಡಿ ನಿಮ್ಮ ಕಾಲೇಜು ಹುಡುಗರಿಗೂ ಟೇಪ್ ಸುತ್ತುತ್ತಿದ್ದೀರಿ, ಮೊದಲಾರ್ಧ ಮುಗಿಯುವಷ್ಟರಲ್ಲೇ ಸಡಿಲವಾಗುತ್ತಿದೆ ಎಂದು ಬರೆದಿದ್ದೀರಿ. ಹಿಗ್ಗುವ ಬಣ್ಣದ ಟೇಪನ್ನೋ ಕ್ರೇಪ್ ಬ್ಯಾಂಡೇಜನ್ನೋ ಸುತ್ತುತ್ತಿದ್ದರೆ ಕಾರಣ ಬೇರೆ ಹುಡುಕಬೇಕಿಲ್ಲ. ಪಾದ ಒಳಕ್ಕೆ ಮಗುಚುವುದನ್ನು ತಡೆಯಲು 38 ಮಿ.ಮೀ. ಅಗಲದ, ಹಿಗ್ಗದ ಜಿಂಕ್ ಆಕ್ಸೈಡ್ ಟೇಪೇ ಬೇಕು. ಒಂದು ಕಾಲಿಗೆ ಅರ್ಧ ರೋಲಿಗೂ ಹೆಚ್ಚು ಹಿಡಿಯುತ್ತದೆ. ಇಲ್ಲಿ ಜಿಪುಣತನ ನಡೆಯುವುದಿಲ್ಲ.

ಎರಡನೇ ಕಾರಣ ಚರ್ಮ. ಕೂದಲನ್ನು ಹಿಂದಿನ ದಿನವೇ ತೆಗೆಸಿ, ಒಬ್ಬರ ರೇಜರ್ ಇನ್ನೊಬ್ಬರಿಗೆ ಬೇಡ. ಮಾಲೀಶಿನ ಎಣ್ಣೆಯ ಜಿಡ್ಡು ಉಳಿದಿದ್ದರೆ ಸೋಪಿನಲ್ಲಿ ತೊಳೆದು ಪೂರ್ತಿ ಒಣಗಿಸಿ (ಮೈಗೆ ಎಣ್ಣೆ ಹಚ್ಚಿ ಆಡುವುದು ಕಬಡ್ಡಿ ನಿಯಮಕ್ಕೂ ವಿರುದ್ಧ). ಅಂಟಿನ ಸ್ಪ್ರೇ ಹೊಡೆದು, ತೆಳು ಫೋಮಿನ ಅಂಡರ್‌ರ‍್ಯಾಪ್ ಒಂದೇ ಪದರ ಸುತ್ತಿ. ಮೆತ್ತಗಿರಲಿ ಎಂದು ಮೂರು ಪದರ ಹಾಕಿದರೆ ಟೇಪ್ ಹಿಡಿಯುವುದು ಕಾಲನ್ನಲ್ಲ, ಫೋಮನ್ನು.

ಆಟಗಾರ ಮೇಜಿನ ಮೇಲೆ ಕಾಲು ಚಾಚಿ ಕೂರಲಿ, ಪಾದ 90 ಡಿಗ್ರಿಗೆ ನಿಂತಿರಲಿ. ಮಾತಾಡುತ್ತಾ ಬೆರಳುಗಳನ್ನು ಕೆಳಕ್ಕೆ ಬಿಟ್ಟನೆಂದರೆ ಆ ಸುತ್ತು ದಂಡ. ಮೀನಖಂಡ ಶುರುವಾಗುವಲ್ಲಿ ಎರಡು ಆಂಕರ್ (ಮುಂದಿನ ಪಟ್ಟಿಗಳು ಅಂಟಿ ನಿಲ್ಲುವ ಆಧಾರದ ಸುತ್ತು), ಪಾದದ ನಡುವೆ ಒಂದು. ಆಂಕರ್‌ನ ಅಂಚು ಫೋಮ್ ದಾಟಿ ಚರ್ಮಕ್ಕೇ ಅಂಟಿರಬೇಕು. ಆಮೇಲೆ ಸ್ಟಿರಪ್, ಅಂದರೆ ಹಿಮ್ಮಡಿಯನ್ನು ಅಡಿಯಿಂದ ಎತ್ತಿ ಹಿಡಿಯುವ ಪಟ್ಟಿ: ಕಾಲಿನ ಒಳಬದಿಯಿಂದ ಇಳಿದು, ಹಿಮ್ಮಡಿಯ ಅಡಿಯಿಂದ ಹಾದು, ಹೊರಬದಿಯಲ್ಲಿ ಬಿಗಿಯಾಗಿ ಮೇಲಕ್ಕೆ. ಹೀಗೆ ಮೂರು, ಒಂದರ ಅರ್ಧದ ಮೇಲೆ ಇನ್ನೊಂದು. ಹೊರಗಿನಿಂದ ಒಳಕ್ಕೆ ಎಳೆದರೆ ಪಾದವನ್ನು ಮಗುಚುವ ಕಡೆಗೇ ತಳ್ಳಿದಂತೆ. ಬಳಿಕ ಎರಡೂ ಬದಿಗೆ ಹೀಲ್ ಲಾಕ್ (ಹಿಮ್ಮಡಿ ಅಲುಗದಂತೆ ಹಿಡಿಯುವ ಸುತ್ತು) ಎರಡೆರಡು, ಮೇಲೊಂದು ಫಿಗರ್ ಎಯ್ಟ್ (ಪಾದ, ಗಂಟು ಎರಡನ್ನೂ ಬಳಸುವ ಇಂಗ್ಲಿಷ್ 8ರ ಆಕಾರದ ಸುತ್ತು), ಕೊನೆಗೆ ತೆರೆದ ಜಾಗಗಳನ್ನು ಮುಚ್ಚುವುದು. ಹಿಡಿತವೆಲ್ಲ ಇರುವುದು ಹೀಲ್ ಲಾಕಿನಲ್ಲಿ, ಹೊಸಬರು ಅವಸರ ಮಾಡುವುದೂ ಅಲ್ಲೇ. ಟೇಪು ಹಿಮ್ಮಡಿಯ ಮೂಳೆಯನ್ನು ಓರೆಯಾಗಿ ಅಪ್ಪಬೇಕು. ಮೇಲೆ ಸರಿದು ಹಿಂದಿನ ಸ್ನಾಯುರಜ್ಜುವನ್ನು ಕೊಯ್ಯುವಂತಿರಬಾರದು.

ಪಾದದ ಹೊರ ಅಂಚಿನ ನಡುವೆ ಉಬ್ಬಿದ ಮೂಳೆಯೊಂದು ಕೈಗೆ ಸಿಗುತ್ತದೆ. ಅದರ ಮೇಲೆ ಬಿಗಿದರೆ ಹುಡುಗ ಐದು ನಿಮಿಷದಲ್ಲಿ ಕುಂಟುತ್ತಾನೆ. ಸುತ್ತಿ ಮುಗಿದ ಮೇಲೆ ಹುಡುಗನನ್ನು ಎದ್ದು ನಿಲ್ಲಿಸಿ, ಕಾಲ್ಬೆರಳಿನ ಉಗುರು ಒತ್ತಿ ಬಿಡಿ: ಎರಡು ಸೆಕೆಂಡಿನೊಳಗೆ ಕೆಂಪು ಮರಳದಿದ್ದರೆ ಕತ್ತರಿಸಿ ಮತ್ತೆ ಸುತ್ತಿ.

ಇಷ್ಟಾದರೂ ಬೆವರಿಗೆ, ಎಳೆದಾಟಕ್ಕೆ ಇಪ್ಪತ್ತು ಮೂವತ್ತು ನಿಮಿಷದಲ್ಲಿ ಬಿಗಿ ಇಳಿಯುವುದು ಸಹಜ. ಐದು ನಿಮಿಷದ ವಿರಾಮದಲ್ಲಿ ಎಲ್ಲ ಬಿಚ್ಚಿ ಸುತ್ತಲಾಗದು; ಮೇಲಿಂದ ಬದಿಗೊಂದು ಹೀಲ್ ಲಾಕ್ ಸೇರಿಸಿ, ಸಾಕು.

ಎಲ್ಲರಿಗೂ ಸುತ್ತುವುದು ನನ್ನ ಮಟ್ಟಿಗೆ ದುಡ್ಡು ದಂಡ. ಹೆಚ್ಚು ಲಾಭವಾಗುವುದು ಹಿಂದೆ ಕಾಲು ಉಳುಕಿದವರಿಗೆ. ಅವರಿಗೂ ಒಂಟಿ ಕಾಲಿನ ಸಮತೋಲನದ ಅಭ್ಯಾಸ ತಪ್ಪಬಾರದು. ಆ್ಯಂಕಲ್ ಹೋಲ್ಡ್‌ನಲ್ಲಿ (ಎದುರಾಳಿ ಪಾದದ ಗಂಟು ಹಿಡಿಯುವ ಪಟ್ಟು) ಸಿಕ್ಕಿ ಆಗಷ್ಟೇ ಉಳುಕಿದ ಕಾಲಿಗೆ ಟೇಪ್ ಬಿಗಿದು ಮತ್ತೆ ಮ್ಯಾಟಿಗೆ ಇಳಿಸಬೇಡಿ. ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಅಥವಾ ಗಂಟಿನ ಮೂಳೆಯ ಹಿಂದಿನ ಅಂಚನ್ನೋ ತುದಿಯನ್ನೋ ಒತ್ತಿದಾಗ ನೋವಾದರೆ ಮೊದಲು ಎಕ್ಸ್‌ರೇ ಮಾಡಿಸಿ.