ಬಾಯಿ ಜೋರು, ಒಳಗೆ ಅಕ್ಕರೆ: ಇಂಥ ದೊಡ್ಡಮ್ಮನ ಪಾತ್ರವನ್ನ ನಾಟಕದಲ್ಲಿ ಹೇಗೆ ತರೋದು?

ನೀವು ಕೇಳಿರೋದು ಇಷ್ಟು: ತುಮಕೂರಿನ ಹವ್ಯಾಸಿ ತಂಡಕ್ಕೆ 20 ನಿಮಿಷದ ಕಿರುನಾಟಕ ಬರೀತಿದೀರಿ, ಟಿವಿಯಲ್ಲಿ ಬರೋ ಹಾಗೆ ನಾಲಿಗೆ ಚುರುಕಾದ, ಆದರೆ ಮನೆಯೋರಿಗೆಲ್ಲ ಆಸರೆಯಾದ ದೊಡ್ಡಮ್ಮ ಬೇಕು. ತಾಲೀಮಿನಲ್ಲಿ ಮಾತ್ರ ಅವಳು ಮೊದಲರ್ಧ ಗಯ್ಯಾಳಿ, ಕೊನೆಗೆ ಅಳುಮುಂಜಿ ಆಗ್ತಿದಾಳೆ.

ಇದರಲ್ಲಿ ನಟಿಯ ತಪ್ಪು ಕಮ್ಮಿ, ಬರೆದಿರೋದರಲ್ಲೇ ಎಡವಟ್ಟಾಗಿದೆ. ಅವಳ ಅಕ್ಕರೆಯನ್ನೂ ನೀವು ಬಾಯಲ್ಲೇ ಹೇಳಿಸ್ತಿದೀರಿ. ಇಂಥ ಪಾತ್ರದ ನಾಲಿಗೆ ಕೊನೇವರೆಗೂ ಮೆತ್ತಗಾಗಬಾರದು. ಅಕ್ಕರೆ ಅವಳು ಮಾಡೋ ಕೆಲಸದಲ್ಲಿ ಕಾಣಬೇಕು, ಆ ಕೆಲಸಕ್ಕೆ ಅವಳು ಏನಾದರೂ ಕಳ್ಕೊಂಡಿರಬೇಕು.

ಇದನ್ನ ಕಲಿಯೋಕೆ ನಾನು ಹೇಳೋದು ಬ್ರಿಟನ್ನಿನ ಡೌನ್‌ಟನ್ ಆಬಿ ಧಾರಾವಾಹಿಯ (2010-2015) ಮುದುಕಿ ವಯೊಲೆಟ್ ಕ್ರಾಲಿಯನ್ನ. ಮ್ಯಾಗಿ ಸ್ಮಿತ್ ಮಾಡಿದ ಪಾತ್ರ. ಅದಕ್ಕೆ ಅವರಿಗೆ 2011, 2012, 2016ರಲ್ಲಿ ಅಮೆರಿಕದ ಟಿವಿ ಪ್ರಶಸ್ತಿ ಎಮ್ಮಿ ಬಂತು. ಎಲ್ಲರೂ ಅವಳ ಚುಚ್ಚುಮಾತುಗಳನ್ನೇ ಕತ್ತರಿಸಿ ಹಂಚ್ಕೋತಾರೆ. ನೀವು ಆ ಮಾತುಗಳ ಹಿಂದೆಮುಂದೆ ಅವಳು ಏನು ಮಾಡ್ತಾಳೆ ನೋಡಿ. ಮೊದಲ ಸರಣಿಯಲ್ಲಿ ಊರಿನ ಹೂವಿನ ಸ್ಪರ್ಧೆ. ವರ್ಷವರ್ಷವೂ ಕಪ್ ಅವಳದೇ, ಆ ಸಲವೂ ಚೀಟಿಯಲ್ಲಿ ಅವಳ ಹೆಸರೇ ಇದೆ. ಅವಳು ಓದೋದು ನಿಜವಾಗಿ ಚಂದದ ಗುಲಾಬಿ ಬೆಳೆದ ಒಬ್ಬ ಸಾಮಾನ್ಯ ಮುದುಕನ ಹೆಸರು. ಚೀಟಿ ಯಾರಿಗೂ ತೋರಿಸಲ್ಲ. ಎರಡನೇ ಸರಣಿಯಲ್ಲಿ ಯುದ್ಧದಲ್ಲಿ ಗಾಯಗೊಂಡ ಮನೆಯಾಳು ವಿಲಿಯಂನನ್ನ ಊರಿಗೆ ಕರೆಸೋಕೆ ತನ್ನ ಸಂಬಂಧ, ದೊಡ್ಡಸ್ತಿಕೆ ಎಲ್ಲ ಬಳಸ್ತಾಳೆ. ಅವನು ಸಾಯೋ ಮುಂಚೆ ಮದುವೆ ಮಾಡಿಸೋಕೆ ಹಿಂದೇಟು ಹಾಕಿದ ಪಾದ್ರಿಯನ್ನ ಹೆದರಿಸೇ ಒಪ್ಪಿಸ್ತಾಳೆ. ಗಮನಿಸಿ, ಅಲ್ಲಿ ಅವಳ ಉಪಕಾರವೇ ಜಬರ್ದಸ್ತಿಯ ರೂಪದಲ್ಲಿದೆ.

ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸೋದು ಮೂರನೇ ಸರಣಿಯದು. ಮೊಮ್ಮಗಳು ಹೆರಿಗೆಯಲ್ಲಿ ತೀರಿಹೋಗ್ತಾಳೆ, ಅವಳ ಅಪ್ಪ, ಅಂದ್ರೆ ವಯೊಲೆಟ್ ಮಗ, ಊರಿನ ಡಾಕ್ಟರ ಮಾತು ಕೇಳಲಿಲ್ಲ ಅಂತ ಹುಡುಗಿಯ ಅಮ್ಮ ಅವನ ಮುಖ ನೋಡಲ್ಲ. ವಯೊಲೆಟ್ ಡಾಕ್ಟರನ್ನ ಕರೆಸಿ, ಆಪರೇಷನ್ ಮಾಡಿದ್ದರೂ ಉಳಿಯೋದು ಕಷ್ಟವಿತ್ತು ಅಂತ ಇಬ್ಬರಿಗೂ ಹೇಳಿ ಅಂತಾಳೆ. ಮಗ ಸೊಸೆ ಜೊತೆಗೂಡಿ ಅಳಲಿ ಅನ್ನೋದಷ್ಟೇ ಉದ್ದೇಶ. ಇಡೀ ಏರ್ಪಾಟಿನಲ್ಲಿ ಸೊಸೆಗೆ ಒಂದು ಸಮಾಧಾನದ ಮಾತನ್ನೂ ಅವಳು ಭಾಷಣ ಮಾಡಿ ಹೇಳಲ್ಲ. ಕೊನೇ ಸರಣಿಯಲ್ಲಿ ಆಸ್ಪತ್ರೆಯ ಅಧ್ಯಕ್ಷಗಿರಿ ಅದೇ ಸೊಸೆ ಪಾಲಾದಾಗ ಸಿಟ್ಟಲ್ಲಿ ಫ್ರಾನ್ಸಿಗೆ ಹೊರಟೋಳು, ನಾಯಿ ಕಳ್ಕೊಂಡ ಮಗನಿಗೆ ಒಂದು ಮರಿ ಬಿಟ್ಟು ಹೋಗ್ತಾಳೆ. ಸಿಟ್ಟು ಇಳಿದಿಲ್ಲ, ಮರಿ ಬಂದಿದೆ.

ಇನ್ನೊಂದು ಲೆಕ್ಕಾಚಾರವೂ ಇದೆ. ಅವಳ ಚುಚ್ಚುಮಾತು ಹೆಚ್ಚಾಗಿ ತಿರುಗಿ ಚುಚ್ಚಬಲ್ಲವರ ಮೇಲೇ ಬೀಳುತ್ತೆ, ಮುಖ್ಯವಾಗಿ ಇನ್ನೊಬ್ಬ ಮೊಮ್ಮಗಳ ಅತ್ತೆ ಇಸೊಬೆಲ್ ಮೇಲೆ. ನಿಮ್ಮ ನಾಟಕದಲ್ಲೂ ದೊಡ್ಡಮ್ಮನಿಗೆ ಸರಿಜೋಡಿ ಒಬ್ಬಳು ಬೇಕು: ಓರಗಿತ್ತಿ, ಬೀಗಿತ್ತಿ, ಪಕ್ಕದ ಮನೆ ನಿವೃತ್ತ ಮೇಷ್ಟ್ರಮ್ಮ, ಯಾರಾದರೂ. ಮೂರು ಸಲಕ್ಕೆ ಒಂದು ಸಲ ಆ ಸರಿಜೋಡಿಯೇ ಗೆಲ್ಲಲಿ. ಎಲ್ಲರೂ ತಲೆ ತಗ್ಗಿಸಿ ಕೇಳಿಸ್ಕೊಂಡರೆ ಅದು ಬರೀ ದಬ್ಬಾಳಿಕೆ. ಬಣ್ಣ, ಜಾತಿ, ಮಕ್ಕಳಾಗದಿರೋದು, ವರದಕ್ಷಿಣೆ, ಇವುಗಳ ಮೇಲೆ ಒಂದು ಮಾತು ಬಂದರೂ ಜನ ನಗಬಹುದು, ಆದರೆ ಆಮೇಲೆ ಅವಳು ಏನು ಮಾಡಿದರೂ ಹತ್ತಿರ ಸೇರಿಸ್ಕೊಳ್ಳಲ್ಲ.

ಕನ್ನಡದಲ್ಲಿ ಬೇಕಂದ್ರೆ ಪುಟ್ಟಕ್ಕನ ಮಕ್ಕಳು ಧಾರಾವಾಹಿಯ ಬಂಗಾರಮ್ಮ ಇದಾಳೆ. ಆ ಪಾತ್ರ ಮಾಡಿದ ಮಂಜು ಭಾಷಿಣಿ ಹಾಸ್ಯ ಧಾರಾವಾಹಿ ಸಿಲ್ಲಿ ಲಲ್ಲಿಯಲ್ಲಿ ಲಲಿತಾಂಬ ಆಗಿದ್ದೋರು. ನಗಿಸೋಕೆ ಗೊತ್ತಿರೋ ನಟಿಗೆ ಗದರೋ ಪಾತ್ರದ ಲಯ ಬೇಗ ಸಿಗುತ್ತೆ. ನಿಮ್ಮ ತಂಡದಲ್ಲೂ ಹಾಸ್ಯ ಮಾಡೋರಿಗೇ ಈ ಪಾತ್ರ ಕೊಡಿ, ಗಂಭೀರ ಪಾತ್ರದೋರಿಗೆ ಬೇಡ.

ಈಗ ಬರೆಯೋ ವಿಷಯ. 20 ನಿಮಿಷಕ್ಕೆ ಕುಟುಕು ಮಾತು 10-12 ಸಾಕು, ಅಕ್ಕರೆಯ ಕೆಲಸ ಎರಡು, ಹೆಚ್ಚಂದ್ರೆ ಮೂರು. ಮೊದಲ ಕೆಲಸ ಆರೇಳನೇ ನಿಮಿಷದೊಳಗೆ ಬರಲಿ, ಪ್ರೇಕ್ಷಕರಿಗೆ ಮಾತ್ರ ಕಾಣಲಿ. ಕಳ್ಕೊಳ್ಳೋದು ಊರಿನದೇ ಆದರೆ ವಿವರಿಸೋ ಕೆಲಸ ಇಲ್ಲ. ಉದಾಹರಣೆಗೆ ತಿಪಟೂರು ಕಡೆ ಮನೆ ಅಂದ್ಕೊಳ್ಳಿ. ಅಟ್ಟದ ಮೇಲಿನ ಕಾಯಿ ಉಂಡೆ ಕೊಬ್ಬರಿಯಾಗೋಕೆ ವರ್ಷದ ಹತ್ತಿರ ಬೇಕು, ಅದಕ್ಕೆ ಮುಂಚೆ ಮಾರಿದರೆ ಕಾಯಿ ರೇಟು ಅಷ್ಟೇ. ಬೆಂಗಳೂರಲ್ಲಿ ಕೆಲಸ ಕಳ್ಕೊಂಡು ಬಂದ ಮೈದುನನ ಮಗನ ಸಾಲಕ್ಕೆ ಅವಳು ಅಟ್ಟ ಖಾಲಿ ಮಾಡಿದಾಳೆ. ಅವನು ಮೇಲೆ ನೋಡಿ ಕೇಳ್ತಾನೆ:

"ಅಟ್ಟದ ಕಾಯೆಲ್ಲ ಎಲ್ಲಿ ದೊಡ್ಡಮ್ಮ?"

"ಇಲಿ ಕಾಟ ಕಣ್ಲಾ. ಬೆಂಗ್ಳೂರಿಂದ ಎರಡು ಕಾಲಿನ್ದೂ ಒಂದು ಬಂದೈತಲ್ಲ. ಕೈ ತೊಳ್ಕೊ, ಮುದ್ದೆ ಆರೋಯ್ತದೆ."

ಇಲ್ಲಿಗೆ ನಿಲ್ಲಿಸಿ. "ಅವರ ಬಾಯಿ ಹಂಗೆ, ಮನಸ್ಸು ಚಿನ್ನ" ಅಂತ ಇನ್ನೊಬ್ಬರ ಬಾಯಲ್ಲಿ ಹೇಳಿಸಿದ ಸಾಲು ಇದ್ದರೆ ಹೊಡೆದು ಹಾಕಿ. ಪಿಟೀಲು ಸಂಗೀತವೂ ಬೇಡ.

ಅಭಿನಯದಲ್ಲಿ ಸಾಮಾನ್ಯ ತಪ್ಪು ಕಿರುಚೋದು. ಐದು ನಿಮಿಷ ಕಿರುಚಿದರೆ ಕಿವಿ ಅದಕ್ಕೆ ಒಗ್ಗಿಹೋಗಿ ಮಾತು ನಾಟಲ್ಲ. ದನಿ ತಗ್ಗಿಸಿಯೇ ಹೇಳಿಸಿ, ಆದರೆ ವಾಕ್ಯದ ಕೊನೆ ನುಂಗಬಾರದು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರೋದರಿಂದ ಮೊನೆ ಇರೋದೂ ಅಲ್ಲೇ. ತೂಗುಹಾಕಿದ ಮೈಕಿನ ಸಭಾಂಗಣದಲ್ಲಿ "ಬಂದೈತಲ್ಲ" ಕೇಳದೇ ಹೋದರೆ ನಗು ಬರಲ್ಲ. ಕೈಗೆ ಒಂದು ಕೆಲಸ ಕೊಡಿ, ಅವರೆಕಾಯಿ ಸುಲಿಯೋದು ಚೆನ್ನಾಗಿರುತ್ತೆ. ಜನ ನಗುವಾಗ ಆ ಎರಡು ಸೆಕೆಂಡು ಸುಮ್ಮನೆ ಸುಲೀತಿರಲಿ, ಪ್ರೇಕ್ಷಕರತ್ತ ನೋಡೋದು ಬೇಡ. ಇಡೀ ನಾಟಕದಲ್ಲಿ ಆ ಕೈ ಒಂದೇ ಸಲ ನಿಲ್ಲಬೇಕು. ಎಲ್ಲಿ ಅಂತ ನಿರ್ದೇಶಕರು ಮೊದಲೇ ಗುರುತು ಹಾಕಿರಲಿ.

ಪರೀಕ್ಷೆ ಮಾಡೋದು ಸುಲಭ. ಒಂದು ತಾಲೀಮಿನಲ್ಲಿ ಮಾತು ಬಿಟ್ಟು ಅವಳ ಕೆಲಸಗಳನ್ನಷ್ಟೇ ಮಾಡಿಸಿ, ನೋಡಿದೋರಿಗೆ ಅವಳು ಒಳ್ಳೆಯವಳು ಅನ್ನಿಸಬೇಕು. ಇನ್ನೊಂದರಲ್ಲಿ ಕೂತು ಅವಳ ಮಾತುಗಳನ್ನಷ್ಟೇ ಓದಿಸಿ, ಸಹವಾಸ ಬೇಡಪ್ಪ ಅನ್ನಿಸಬೇಕು. ಎರಡರಲ್ಲಿ ಯಾವುದು ಹಾಗೆ ಅನ್ನಿಸಲಿಲ್ಲವೋ ಆ ಭಾಗ ತಿದ್ದಿ.