ಸೊಸ್ಯೂರ್ ಎರಡೂ ಕಡೆಯವರು
ಭಾಷೆಯ ಚರಿತ್ರೆ ಓದಬೇಕೋ, ರಚನೆ ಓದಬೇಕೋ ಅಂತ ಕೇಳಿದ್ದೀರಿ. ಎರಡನ್ನೂ ಅಷ್ಟು ದೂರ ಇಡಬೇಡಿ. ಭಾಷೆಯನ್ನು ಒಂದಕ್ಕೊಂದು ಹೆಣೆದುಕೊಂಡ ಭಾಗಗಳ ವ್ಯವಸ್ಥೆಯಾಗಿ ನೋಡುವ ರಚನಾವಾದದ ಮೂಲಪುರುಷ ಅನ್ನಿಸಿಕೊಂಡ ಸ್ವಿಸ್ ಭಾಷಾವಿಜ್ಞಾನಿ ಸೊಸ್ಯೂರ್ ಜಾಸ್ತಿ ಪಾಠ ಮಾಡಿದ್ದು ಸಂಸ್ಕೃತದಂಥ ಹಳೆಯ ಭಾಷೆಗಳನ್ನೇ. 21ರ ವಯಸ್ಸಿನಲ್ಲಿ ಅವರು ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮುಂತಾದವುಗಳಿಗೆ ತಾಯಿಯಾದ ಇಂಡೋ-ಯುರೋಪಿಯನ್ ಮೂಲಭಾಷೆಯ ಸ್ವರಗಳ ಬಗ್ಗೆ ಬರೆದರು. ಸ್ವರಗಳ ವ್ಯವಸ್ಥೆ ಸರಿಹೊಂದಬೇಕಾದರೆ, ಅಳಿದುಹೋದ ಕೆಲವು ಧ್ವನಿಗಳು ಅಲ್ಲಿ ಇದ್ದಿರಲೇಬೇಕು ಎಂದರು. ನೇರ ಪುರಾವೆ ಇರಲಿಲ್ಲ, ಬರೀ ತರ್ಕ. ಹಲವರು ಒಪ್ಪಲಿಲ್ಲ. ಆಮೇಲೆ ಟರ್ಕಿಯಲ್ಲಿ ಸಿಕ್ಕ, ಅದೇ ಕುಟುಂಬದ ಪ್ರಾಚೀನ ಭಾಷೆಯಾದ ಹಿಟ್ಟೈಟ್‌ನ ಮಣ್ಣಿನ ಫಲಕಗಳನ್ನು ವಿದ್ವಾಂಸರು ಓದಿದರು. ಸೊಸ್ಯೂರ್ ಹೇಳಿದ್ದ ಹಲವು ಜಾಗಗಳಲ್ಲಿ 'ಹ'ದಂಥ ಧ್ವನಿ ಇರುವುದನ್ನು 1927ರಲ್ಲಿ ಪೋಲಿಷ್ ಭಾಷಾವಿಜ್ಞಾನಿ ಕುರಿವೋವಿಚ್ ತೋರಿಸಿದರು. ಸೊಸ್ಯೂರ್ ತೀರಿಕೊಂಡು ಆಗಲೇ 14 ವರ್ಷ, ಪಾಪ! ಚರಿತ್ರೆಯ ಪ್ರಶ್ನೆಗೆ ರಚನೆಯ ದಾರಿಯಲ್ಲಿ ಉತ್ತರ ಸಿಕ್ಕಿತ್ತು ಅಲ್ವಾ? ಹೊಸಬರಾದರೆ ರಚನೆಯಿಂದ ಶುರು ಮಾಡಿ. ಈಗಿನ ಧ್ವನಿಗಳನ್ನೇ ವಿಂಗಡಿಸಲು ಬಾರದಿದ್ದರೆ ಹಳೆಯವನ್ನು ಊಹಿಸುವುದು ಕಷ್ಟ.